ಬಿಕ್ಕಳಿಕೆ ಕಲ್ಲಿನ ಮೇಲೆ ಕೂತು ಹೇಳಿದ ನಿಜ

ಹೋದ ವಾರ ನಾನು ಒಂದು ಕಲ್ಲಿನ ಮೇಲೆ ಕೂತು ನಿಜ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಬಿಕ್ಕಳಿಕೆ ಬಂತು. ಸುತ್ತ ನಿಂತಿದ್ದವರೆಲ್ಲ ಒಟ್ಟಿಗೆ ನಕ್ಕರು. ನಾನು ಸುಳ್ಳುಬುರುಕಿ ಎಂದು ಅಲ್ಲೇ ತೀರ್ಮಾನವಾಯಿತು.

ಮೊದಲಿನಿಂದ ಹೇಳುತ್ತೇನೆ. ನನಗೂ ಒಮ್ಮೆ ಸರಿಯಾಗಿ ಅರ್ಥವಾಗಬೇಕಾಗಿದೆ.

ಮೂರು ವರ್ಷದ ಹಿಂದೆ ಬೀರೂರು ಜಂಕ್ಷನ್ನಿನಲ್ಲಿ ರೈಲಿಗೆ ಎರಡು ಗಂಟೆ ಮೊದಲೇ ಹೋಗಿ ಕೂತಿದ್ದೆ. (ಅದು ನಮ್ಮ ಮನೆಯ ಪದ್ಧತಿ. ರೈಲು ತಪ್ಪಿಸಿಕೊಂಡವರು ನಮ್ಮ ವಂಶದಲ್ಲೇ ಇಲ್ಲ.) ಕಡಲೆಕಾಯಿ ಮುಗಿಯಿತು, ಪೇಪರು ಮುಗಿಯಿತು. ಬೇಜಾರಿಗೆ ಮೊಬೈಲ್ ತೆಗೆದೆ. ಯಾರು ಬೇಕಾದರೂ ತಿದ್ದಬಹುದಾದ ಒಂದು ಆನ್‌ಲೈನ್ ವಿಶ್ವಕೋಶದಲ್ಲಿ ನಮ್ಮ ದೊಡ್ಡಮ್ಮನ ಊರಿನ ಪುಟ ಸಿಕ್ಕಿತು.

ಸಿಂಗಟಗೆರೆಯಿಂದ ಸ್ವಲ್ಪ ಆಚೆಗಿರುವ ಊರು. (ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲೇ ಯಾರಾದರೂ ಹೋಗಿ ತಿದ್ದಿಬಿಡುತ್ತೀರಿ.) ಪುಟದಲ್ಲಿದ್ದದ್ದು ಎರಡೇ ಸಾಲು. ಇದು ಕಡೂರು ತಾಲ್ಲೂಕಿನ ಒಂದು ಗ್ರಾಮ. ಇಲ್ಲಿ ತೆಂಗು, ರಾಗಿ ಬೆಳೆಯುತ್ತಾರೆ. ಅಷ್ಟೇ! ನಾನು ಬೇಸಿಗೆ ರಜೆಗಳನ್ನೆಲ್ಲ ಕಳೆದ ಊರಿಗೆ ಎರಡೇ ಸಾಲೇ? ಮೇಲೆ ‘ಸಂಪಾದಿಸಿ’ ಎಂಬ ಬಟನ್ ಇತ್ತು. ಒತ್ತಿದೆ.

“ಊರ ಮುಂದಿನ ಹುಣಸೆಮರದ ಕೆಳಗಿರುವ ಹಾಸುಗಲ್ಲನ್ನು ಬಿಕ್ಕಳಿಕೆ ಕಲ್ಲು ಎನ್ನುತ್ತಾರೆ. ಇದರ ಮೇಲೆ ಕೂತು ಸುಳ್ಳು ಹೇಳಿದವರಿಗೆ ಬಿಕ್ಕಳಿಕೆ ಬರುತ್ತದೆಂಬ ಪ್ರತೀತಿ ಇದೆ” ಎಂದು ಬರೆದೆ.

ಕೊನೆಗೆ ‘ಪ್ರತೀತಿ ಇದೆ’ ಎಂದು ಸೇರಿಸಿಬಿಟ್ಟರೆ ಕನ್ನಡದಲ್ಲಿ ಏನು ಬೇಕಾದರೂ ಬರೆಯಬಹುದು. ಯಾರೂ ಸಾಕ್ಷಿ ಕೇಳುವುದಿಲ್ಲ.

ಚಿಕ್ಕವಳಿದ್ದಾಗ ನಾನು ಬಿಕ್ಕಳಿಸಿದರೆ ದೊಡ್ಡಮ್ಮ, “ಏನೇ ಕದ್ದು ತಿಂದೆ?” ಎಂದು ಗದರುತ್ತಿದ್ದಳು. ಗಾಬರಿಗೆ ಬಿಕ್ಕಳಿಕೆ ನಿಲ್ಲುತ್ತಿತ್ತು. (ನಿಜವಾಗಿಯೂ ಬೆಲ್ಲ ಕದ್ದ ದಿನ ಮಾತ್ರ ಜಾಸ್ತಿಯಾಗುತ್ತಿತ್ತು.) ಆ ನೆನಪಿನಿಂದ ಕಟ್ಟಿದ ಕಥೆ ಅದು. ಹಾಗೆಂದು ನಾನು ನಂಬಿದ್ದೆ. ರೈಲು ಬಂತು, ಹತ್ತಿದೆ, ಮರೆತೆ.

ಹೋದ ವಾರ ದೊಡ್ಡಮ್ಮನ ಫೋನು.

“ಲೇ, ನಾಳೆ ಬಂದ್ಬಿಡೇ. ಕಲ್ಲು ಕಿತ್ತಾಕ್ತಾರಂತೆ.”

“ಯಾವ ಕಲ್ಲು?”

“ಬಿಕ್ಕಳಿಕೆ ಕಲ್ಲು ಕಣೇ. ಏನೂ ಗೊತ್ತಿಲ್ದೋಳ ತರ ಕೇಳ್ತೀಯಲ್ಲ.”

ನಾನು ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು.

ವಿಷಯ ಇಷ್ಟು. ಊರಿಗೆ ಹೊಸ ಚರಂಡಿ ಬರುತ್ತಿದೆ. ಅದರ ದಾರಿಗೆ ಆ ಕಲ್ಲು ಅಡ್ಡ. ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ಸವೆದಿವೆ. ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೋಗುವಾಗ ದಾರಿಯಲ್ಲಿ ಕೂರುವುದಕ್ಕೆ ಇರುವುದು ಅದೊಂದೇ ಜಾಗ. ಕಲ್ಲು ಹೋದರೆ ಅವಳು ಡೇರಿ ಮುಟ್ಟುವುದಿಲ್ಲ. ಡೇರಿ ಮುಟ್ಟದಿದ್ದರೆ ಹಸು ಯಾಕೆ? ಹಸು ಇಲ್ಲದಿದ್ದರೆ ತಾನು ಯಾಕೆ ಎಂಬುದು ಅವಳ ಮುಂದಿನ ಪ್ರಶ್ನೆ.

ಇದನ್ನೆಲ್ಲ ಅವಳು ಇಂಜಿನಿಯರಿಗೆ ಹೇಳಿದ್ದಳಂತೆ. ಆತ ಒಳ್ಳೆಯ ಮನುಷ್ಯನೇ. “ಅರ್ಥ ಆಗುತ್ತೆ ಅಜ್ಜಿ, ಆದ್ರೆ ಪ್ಲ್ಯಾನ್ ಇರೋದೇ ಹಿಂಗೆ” ಎಂದನಂತೆ. ಆಗ ಮಂಡಕ್ಕಿ ಅಂಗಡಿಯ ಸಿದ್ದಣ್ಣ ಮೊಬೈಲಿನಲ್ಲಿ ಆ ಪುಟ ತೆಗೆದು ತೋರಿಸಿದ್ದಾನೆ. ಇಂಜಿನಿಯರ್ ಎರಡು ಸಲ ಓದಿ, ಟೇಪು ಸುತ್ತಿ ಜೇಬಿಗಿಟ್ಟು, ತಿಳಿದವರು ಯಾರಾದರೂ ಹೌದೆಂದರೆ ಯೋಚಿಸೋಣ ಎಂದಿದ್ದಾನೆ.

“ನೀನು ಪೇಪರ್ನಾಗೆ ಬರಿಯೋಳು. ನೀನು ಹೂಂ ಅಂದ್ರೆ ಸಾಕು” ಎಂದಳು ದೊಡ್ಡಮ್ಮ.

ನಾನಿರುವ ತರೀಕೆರೆಯಿಂದ ಕಡೂರಿಗೆ, ಅಲ್ಲಿಂದ ಇನ್ನೊಂದು ಬಸ್ಸು. ಇಳಿದ ತಕ್ಷಣ ಸಿದ್ದಣ್ಣ ಖಾರ ಮಂಡಕ್ಕಿ, ಎರಡು ಮೆಣಸಿನಕಾಯಿ ಬೋಂಡ ಕೈಗಿಟ್ಟ. ಗಬಗಬ ತಿಂದೆ. (ಈ ಬೋಂಡ ನೆನಪಿನಲ್ಲಿಟ್ಟುಕೊಳ್ಳಿ.) ಊರ ಮುಂದೆ ಜನರ ಜೊತೆ ಕಾಯುತ್ತಿದ್ದ ಇಂಜಿನಿಯರ್ ನಗುತ್ತಾ, “ಕಲ್ಲಿನ ಮೇಲೆ ಕೂತೇ ಹೇಳಿ ಮೇಡಂ” ಎಂದ.

ಕೂತೆ. ಹೂಂ ಎನ್ನಬೇಕು, ಅಷ್ಟೇ ಕೆಲಸ. ಎದುರಿಗೆ ದೊಡ್ಡಮ್ಮ ಹುಣಸೆಮರಕ್ಕೆ ಒರಗಿ ಒಂದು ಕಾಲಿನ ಭಾರ ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಿದ್ದಳು. ಆದರೂ ಹೂಂ ಎನ್ನಲಾಗಲಿಲ್ಲ. ಪ್ರಾಮಾಣಿಕತೆಯೇ? ಅಲ್ಲ. ಹೆದರಿಕೆ. ನಾನೇ ಬರೆದ ಪ್ರತೀತಿಗೆ ನಾನೇ ಹೆದರಿಬಿಟ್ಟೆ.

“ಇದು ನಾನೇ ಕಟ್ಟಿದ ಕಥೆ ಸಾರ್. ಬೇಜಾರಾಗಿತ್ತು ಅಂತ ತಮಾಷೆಗೆ...” ಎಂದೆ. ಬಿಕ್.

“ನೋಡಿದ್ರಾ ಸಾರ್” ಎಂದ ಸಿದ್ದಣ್ಣ. “ಸುಳ್ಳು ಅಂತ ಹೇಳಕ್ಕೋದ್ರೆ ಕಲ್ಲು ಸುಮ್ನೆ ಬಿಡ್ತದಾ?”

ಇಂಜಿನಿಯರ್ ಕಣ್ಣೊರೆಸಿಕೊಂಡು ನಕ್ಕ. ಚರಂಡಿಗೆಂದು ಎಳೆದಿದ್ದ ಸುಣ್ಣದ ಗೆರೆ ಎರಡು ಅಡಿ ಆಚೆಗೆ ಹೋಯಿತು. ಕಲ್ಲು ಉಳಿಯಿತು. ನಾನು ಒಂದು ಚೊಂಬು ನೀರು ಕುಡಿದೆ.

ಈಗ ನೀವೇ ಹೇಳಿ. ಕಥೆ ನನ್ನದಾದರೆ ನಾನು ಹೇಳಿದ್ದು ನಿಜ. ನಿಜಕ್ಕೆ ಬಿಕ್ಕಳಿಕೆ ಯಾಕೆ? ಬಿಕ್ಕಳಿಕೆ ಕಲ್ಲಿನದಾದರೆ ನಾನು ಹೇಳಿದ್ದು ಸುಳ್ಳು. ಹಾಗಾದರೆ ಕಥೆ ಕಟ್ಟಿದವರು ಯಾರು? ಬೋಂಡದ ಕೆಲಸ ಎಂದಿರಾ? ನಾನೂ ಹಾಗೇ ಸಮಾಧಾನ ಮಾಡಿಕೊಂಡಿದ್ದೆ, ಮನೆಯ ದಾರಿಯಲ್ಲಿ ದೊಡ್ಡಮ್ಮ ಬಾಯಿ ಬಿಡುವವರೆಗೆ.

“ಅದು ನಮ್ಮವ್ವ ಹೇಳ್ತಿದ್ದ ಕಥೆ ಕಣೇ. ನಿಂಗೂ ಹೇಳಿದ್ಳು. ನೀನು ಮರ್ತಿದ್ದೀಯ.”

“ನಿಜವಾಗ್ಲೂ? ಹಂಗಾದ್ರೆ ವಾಪಸ್ ಹೋಗಿ ಆ ಕಲ್ಲಿನ ಮೇಲೆ ಕೂತು ಹೇಳು ನೋಡಣ.”

ಅವಳು ನಿಂತು, ಹಿಂದಕ್ಕೊಮ್ಮೆ ನೋಡಿದಳು. “ಈಗ ಬ್ಯಾಡ ಕಣೇ. ಮಂಡಿ ನೋವು. ಕೂತ್ರೆ ಏಳಕ್ಕಾಗಲ್ಲ.”

ತರೀಕೆರೆಗೆ ವಾಪಸಾದ ಮೇಲೆ ಆ ಸಾಲು ಅಳಿಸಲು ಪುಟ ತೆರೆದೆ. ಕೆಳಗೆ ಹೊಸದೊಂದು ಸೇರಿತ್ತು: “ಈಚೆಗೆ ಪತ್ರಿಕೆಯ ಅಂಕಣಗಾರ್ತಿಯೊಬ್ಬರು ಇಲ್ಲಿ ಸುಳ್ಳು ಹೇಳಿ ಬಿಕ್ಕಳಿಸಿದ್ದಾರೆ.” (ಸಿದ್ದಣ್ಣ, ನೀನೇ ತಾನೇ?) ಬಿಕ್ಕಳಿಸಿದ್ದು ನಿಜ. ಸುಳ್ಳು ಹೇಳಿದ್ದು? ದೊಡ್ಡಮ್ಮನ ಅವ್ವನನ್ನು, ಅಂದರೆ ನಮ್ಮಜ್ಜಿಯನ್ನು, ಕೇಳೋಣವೆಂದರೆ ಅವಳು ಹೋಗಿ ಎಷ್ಟೋ ಕಾಲವಾಯಿತು. ಯಾವ ಸಾಲು ಅಳಿಸಬೇಕೆಂದು ತಿಳಿಯದೆ ಎರಡನ್ನೂ ಬಿಟ್ಟಿದ್ದೇನೆ.

ಇಷ್ಟೆಲ್ಲದರಲ್ಲಿ ಖಂಡಿತ ನಿಜವೆಂದು ನನಗೆ ಗೊತ್ತಿರುವುದು ಒಂದೇ, ದೊಡ್ಡಮ್ಮನ ಮಂಡಿ ನೋವು. ಅದನ್ನು ಅವಳು ಇಂಜಿನಿಯರಿಗೆ ಮೊದಲ ದಿನವೇ ಹೇಳಿದ್ದಳು.

ಆ ನೋವಿಗೂ ಒಂದು ‘ಪ್ರತೀತಿ ಇದೆ’ ಸೇರಿಸಿದ್ದರೆ ಚರಂಡಿ ಅಂದೇ ತಿರುಗುತ್ತಿತ್ತೇ?