ದೊಡ್ಡವ್ವನ ಮುನಿಸು

ಇವತ್ತು ಬೆಳಿಗ್ಗೆ ಬಚ್ಚಲುಮನೆಯಲ್ಲಿ ನಿಂತು, ಹೆಂಡತಿಗೆ ಕಾಣದಂತೆ, ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಬಲದವಡೆಗೆ ಇಟ್ಟುಕೊಂಡೆ. ಅರವತ್ತನಾಲ್ಕರ ಗಂಡಸು ಕದ್ದು ಸಕ್ಕರೆ ತಿನ್ನುವವನ ಹಾಗೆ ಚಿಲಕ ಹಾಕಿಕೊಂಡಿದ್ದನ್ನು ಕೇಳಿದರೆ ನಿಮಗೆ ನಗು ಬಂದೀತು. ನನಗೂ ಬಂತು, ಆದರೆ ನಕ್ಕರೆ ನೋಯುತ್ತದಲ್ಲ! ಆ ವಾಸನೆ ಮೂಗಿಗೇರಿದ್ದೇ ತಡ, ಸೊಲ್ಲಾಪುರದ ಈ ಫ್ಲಾಟು ಬಿಟ್ಟು ಮನಸ್ಸು ನಮ್ಮೂರು ವಾಗದರಿಗೆ, ನಮ್ಮ ದೊಡ್ಡವ್ವನ ಹತ್ತಿರ ಹೋಗಿಬಿಟ್ಟಿತು.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಕುರಿ ಸಾಕುವ ಮನೆ. ಚದುರಿದ ಹಿಂಡನ್ನು ಒಂದೇ ಕೂಗಿಗೆ ತಿರುಗಿಸುವ ಗಂಟಲು ಅವಳದು. ಬೀರೋಬನ ಗುಡಿಯಲ್ಲಿ ಹಾಡಿಗೆ ಕೂತರೆ ಉಳಿದ ಹೆಂಗಸರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಅಂಥವಳು ಅರವತ್ತೈದು ದಾಟಿದ ಮೇಲೆ ಮಾತು ಬಿಟ್ಟಳು. ನಾನು ಊರಿಗೆ ಹೋದರೆ "ಬಂದಿ?" ಎಂದಷ್ಟೇ ಕೇಳಿ, ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಒಳಗೆ ಹೋಗುವಳು. ಊಟಕ್ಕೆ ಎಲ್ಲರ ಜೊತೆ ಕೂರುತ್ತಿರಲಿಲ್ಲ, ಮದುವೆಗಳಿಗೂ ಹೋಗುತ್ತಿರಲಿಲ್ಲ. ಓಣಿಯವರು ಸೊಕ್ಕು ಅಂದರು. ನಾನೋ, ಸೊಲ್ಲಾಪುರದಲ್ಲಿ ಮನೆ ಮಾಡುವಾಗ ಅವಳನ್ನು ಒಂದು ಮಾತು ಕೇಳಲಿಲ್ಲವೆಂಬ ಮುನಿಸಿರಬೇಕೆಂದು, ಹೋದಾಗಲೆಲ್ಲ ಒಂದು ಸೀರೆ ಒಯ್ದೆ. ಲೋಕದ ಮೌನವೆಲ್ಲ ನನ್ನ ಮೇಲಿನ ಸಿಟ್ಟೇ ಎಂದುಕೊಳ್ಳುವ ನನ್ನ ಜಂಬ ನೋಡಿ!

ಒಂದು ಮಧ್ಯಾಹ್ನ ಹೇಳದೆ ಹೋದೆ. ಹಿತ್ತಲಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಟ್ಟೆಯಲ್ಲಿ ಹಾಲಿನಲ್ಲಿ ಹಿಸುಕಿದ ರೊಟ್ಟಿ, ಪಕ್ಕದಲ್ಲಿ ಲವಂಗದ ಎಣ್ಣೆಯ ಶೀಸೆ. ಬಾಯಿ ಅರ್ಧವೇ ತೆರೆಯುತ್ತಿತ್ತು, ಹಾಲು ಗದ್ದಕ್ಕೆ ಇಳಿಯುತ್ತಿತ್ತು. ನನ್ನನ್ನು ಕಂಡದ್ದೇ ತಟ್ಟೆಯನ್ನು ಸೆರಗಿನಡಿ ಮುಚ್ಚಿದಳು.

"ಏನಾಗ್ಯಾದ ದೊಡ್ಡವ್ವಾ?"

"ದವಡಿ. ಗಾಳಿ ತಾಗಿದ್ರೂ ಕರೆಂಟ್ ಹೊಡದಂಗ ಆಗ್ತದ. ಎರಡು ಹಲ್ಲ ಕೀಳಿಸಿದೆ, ತ್ರಾಸ ಹೋಗಲಿಲ್ಲ. ಬಾಯಿ ಸೋರಸ್ಕೋತ ನಾಕ ಮಂದ್ಯಾಗ ಹ್ಯಾಂಗ ಕುಂದರ್ಲಿ? ಜೀವಾನ ಬ್ಯಾಸರ ಆಗ್ಯಾದಪ್ಪಾ."

ಮರುದಿನವೇ ಸೊಲ್ಲಾಪುರಕ್ಕೆ ಕರೆತಂದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇದು ಹಲ್ಲಿನದಲ್ಲ, ನರದ ನೋವು ಎಂದರು. ಗುಳಿಗೆ ಬರೆದು, ಪೆನ್ನು ಕೆಳಗಿಟ್ಟು ಕೇಳಿದರು: "ಆಜಿ, ಜೇವಣ, ಊಟ, ಯಾರ ಜೋಡಿ ಮಾಡ್ತೀರಿ?"

ದೊಡ್ಡವ್ವ ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು. "ಗ್ವಾಡಿ ಜೋಡಿ," ಅಂದಳು. ಅಂದವಳೇ ಅತ್ತುಬಿಟ್ಟಳು.

"ನೋವಿಗಿ ಗುಳಿಗಿ ಕೊಟ್ಟೀನ್ರಿ. ಮನಸ್ಸಿಗಿ ಮಂದಿ ಬೇಕು. ನಾಳಿಂದ ಎಲ್ಲಾರ ಜೋಡಿ ಕುಂದರ್ರಿ."

ಊರಿಗೆ ಮರಳಿದ ಮೇಲೆ ವಿಷಯ ಕೇಳಿ ಅವಳ ಸೊಸೆಯೂ ಅತ್ತಳು: "ನನ್ನ ಕೈ ಅಡಿಗಿ ಸೇರಂಗಿಲ್ಲ ಅನ್ಕೊಂಡಿದ್ನಿ ಅತ್ತೀ!" ಆ ಸಂಜೆ ಇಡೀ ಮನೆಗೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಮಜ್ಜಿಗೆ. ದೊಡ್ಡವ್ವನನ್ನು ನಡುವೆ ಕೂರಿಸಿದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಹಲ್ಲೇ ಇಲ್ಲದ ದೊಡ್ಡಪ್ಪ. "ಇಂಥ ಮೆತ್ತನ ನುಚ್ಚ ಕೇಳಾಕ ನಾನೂ ಎರಡು ವರ್ಷದಿಂದ ನಾಚಕೊಂಡಿದ್ನಿ," ಅಂದ. ದೊಡ್ಡವ್ವ ಕೆನ್ನೆ ಹಿಡಿದುಕೊಂಡೇ ನಕ್ಕಳು.

ನೋವು ಪೂರ್ತಿ ಹೋಗಲಿಲ್ಲ, ಚಳಿಗಾಲದಲ್ಲಿ ಮರಳುತ್ತಿತ್ತು. ಗುಡಿಯಲ್ಲಿ ಮೊದಲಿನಂತೆ ಎತ್ತರದ ದನಿ ಏರಲಿಲ್ಲ. ತಾಳ ಹಿಡಿದು, ಉಳಿದವರು ಮರೆತ ಸಾಲನ್ನು ಮೆಲ್ಲಗೆ ನೆನಪಿಸುತ್ತಿದ್ದಳು. ಹಾಗೆಯೇ ಇನ್ನೂ ಹಲವು ವರ್ಷ ಮಂದಿಯ ನಡುವೆ ಬದುಕಿದಳು.

ಇಷ್ಟು ನೆನೆದು ಹೊರಗೆ ಬಂದು, ಅಡುಗೆಮನೆ ಬಾಗಿಲಲ್ಲಿ ನಿಂತೆ.

"ಹದಿನೈದು ದಿನ ಆತು, ದವಡಿ ನೋಯಾಕತ್ತದ. ನನಗ ಅಂಜಿಕಿ ಬಂದದ," ಅಂದೆ.

ಹೆಂಡತಿ ಬೈಯುತ್ತಾಳೆಂದು ಕಾದೆ. ಅವಳು ಗ್ಯಾಸು ಆರಿಸಿ, ಕೈ ಒರೆಸಿಕೊಂಡು, ಬೆಚ್ಚಗಿನ ಅಂಗೈಯನ್ನು ನನ್ನ ಕೆನ್ನೆಗಿಟ್ಟಳು.

"ಇಲ್ಲೇನ್ರಿ?"

"ಹೂಂ, ಅಲ್ಲೇ."