ಚಿಂತೆಯ ಅದಲುಬದಲು

ಶಾಲೆಗೆ ಬೀಗ ಹಾಕಿ, ಅದನ್ನು ಮೂರು ಸಲ ಜಗ್ಗಿ ನೋಡಿ, ಅರ್ಧ ದಾರಿಗೆ ಬಂದ ಮೇಲೆ ಮತ್ತೆ ತಿರುಗಿ ಹೋಗಿ ನಾಲ್ಕನೆಯ ಸಲ ಜಗ್ಗುತ್ತಿದ್ದ ಮಾಸ್ತರ ನಾನು. ಒಳಗೆ ಇದ್ದುದಾದರೂ ಏನು? ಒಂದು ಕರಿಹಲಗೆ, ಕಾಲು ಮುರಿದ ಒಂದು ಕುರ್ಚಿ. ಕಳ್ಳ ಬಂದಿದ್ದರೆ ಕನಿಕರಪಟ್ಟು ತಾನೇ ಏನಾದರೂ ಇಟ್ಟು ಹೋಗುತ್ತಿದ್ದ. ನನ್ನ ಹೆಂಡತಿ ಸುಂದ್ರಮ್ಮ ನಗುತ್ತಿದ್ದಳು. ‘ಬೀಗ ಗಟ್ಟೇ ಅದರಿ. ಸಡ್ಲ ಆಗಿದ್ದು ನಿಮ್ಮ ಜೀವ’ ಎನ್ನುತ್ತಿದ್ದಳು.

ನಿಜಾಮರ ಕಾಲದ ಹುಮನಾಬಾದದಲ್ಲಿ ಎಲ್ಲದಕ್ಕೂ ಬರಗಾಲ ಬರಬಹುದಿತ್ತು, ಚಿಂತೆಗೆ ಮಾತ್ರ ಬರುತ್ತಿರಲಿಲ್ಲ. ನಮ್ಮ ಕಡೆ ಅದಕ್ಕೆ ಹೆಸರೂ ಮೂರು. ಮನೆಯಲ್ಲಿ ಅದು ಚಿಂತೆ, ಬಜಾರಿಗೆ ಹೋದರೆ ಫಿಕರ್, ಮರಾಠಿ ನೆಂಟರು ಬಂದರೆ ಕಾಳಜಿ. ಮೂರು ಭಾಷೆಗಳಲ್ಲಿ ಕಳವಳಪಡುವ ಭಾಗ್ಯ ಮೈಸೂರು ಸೀಮೆಯ ಮಾಸ್ತರರಿಗೆ ಎಲ್ಲಿಯದು! ತನಿಖೆಗೆ ಬರುವ ಸಾಹೇಬರಿಗೆ ಉರ್ದುವಿನಲ್ಲಿ ಉತ್ತರ ಕೊಡಬೇಕಲ್ಲ ಎಂಬ ಒಂದೇ ಫಿಕರಿಗೆ ನನ್ನ ತಲೆಗೂದಲು ಅರ್ಧ ಹೋಗಿತ್ತು.

ಊರಿನಲ್ಲಿ ಕ್ರೈಸ್ತರ ಮನೆಗಳು ಹತ್ತೋ ಹನ್ನೆರಡೋ. ಶುಕ್ರವಾರ ಸಂಜೆ ಒಬ್ಬರ ಮನೆಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಿದ್ದೆವು. ಅಲ್ಲಿ ನಮ್ಮ ಪಾದ್ರಿಗಳು ಒಂದು ರೂಢಿ ಹಾಕಿದ್ದರು. ‘ಹುಲ್ಲಿನ ಹೊರಿ ತನ್ನ ತಲಿ ಮ್ಯಾಲ ತಾನೇ ಇಟ್ಕೊಳ್ಳಾಕ ಯಾರಿಗೂ ಆಗಂಗಿಲ್ಲ. ಇನ್ನೊಬ್ರು ಕೈ ಹಚ್ಚಬೇಕು. ಚಿಂತಿನೂ ಹಂಗ’ ಎನ್ನುತ್ತಿದ್ದರು. ಹಾಗಾಗಿ ಇಬ್ಬಿಬ್ಬರು ಜೋಡಿಯಾಗಿ ಕುಳಿತು ಚಿಂತೆಗಳನ್ನು ಅದಲುಬದಲು ಮಾಡಿಕೊಳ್ಳಬೇಕು. ನನ್ನ ಚಿಂತೆಗಾಗಿ ನೀವು ದಿನವೂ ಕರ್ತನನ್ನು ಬೇಡಬೇಕು, ನಿಮ್ಮದಕ್ಕಾಗಿ ನಾನು. ತನ್ನದನ್ನು ತಾನು ಎತ್ತಕೂಡದು. ಒಮ್ಮೆ ಮಾತ್ರ ಪಾದ್ರಿಗಳು ಮರೆತು ಒಂದೇ ಮನೆಯ ಅತ್ತೆ ಸೊಸೆಯರನ್ನು ಜೋಡಿ ಮಾಡಿಬಿಟ್ಟರು. ಇಬ್ಬರ ಚಿಂತೆಯೂ ಎದುರಿಗೇ ಕೂತಿತ್ತು. ಆ ಸಂಜೆ ಪ್ರಾರ್ಥನೆ ಬೇಗ ಮುಗಿಯಿತು.

ಜರ್ಮನಿಯ ಲಡಾಯಿ ಸುರುವಾದ ವರ್ಷ ಸುಂದ್ರಮ್ಮನಿಗೆ ಕೆಮ್ಮು ಹತ್ತಿತು. ಕ್ಷಯ ಎಂದರು. ಅವಳ ತವರು ಕಲ್ಯಾಣಿ. ಈಗ ಬಸವಕಲ್ಯಾಣ ಎನ್ನುತ್ತಾರೆ, ಆಗ ನಮಗೆಲ್ಲ ಬರೀ ಕಲ್ಯಾಣಿ. ಆರೈಕೆಗೆಂದು ತಾಯಿಯ ಮನೆಯಲ್ಲಿ ಬಿಟ್ಟು ಬಂದೆ. ಶನಿವಾರ ಹೋಗುವುದು, ಸೋಮವಾರ ಶಾಲೆಗೆ ಮರಳುವುದು. ಹೋಗುವಾಗ ಅವಳು ಹೇಗಿದ್ದಾಳೋ ಎಂಬ ಭಯ, ಬರುವಾಗ ಹೇಗಿದ್ದಾಳೆಂದು ಕಂಡ ಭಯ.

ಆ ದಿನಗಳಲ್ಲಿ ನನ್ನ ಪಾಲಿಗೆ ಬಂದ ಜೋಡಿ ಮಾರ್ಥಾಬಾಯಿ. ಹೊಲಗಳಲ್ಲಿ ಕಳೆ ತೆಗೆದು ಹೊಟ್ಟೆ ಹೊರೆಯುತ್ತಿದ್ದ ಒಂಟಿ ಮುದುಕಿ. ನಾನು ಕುಗ್ಗಿದ ದನಿಯಲ್ಲಿ ಸುಂದ್ರಮ್ಮನ ವಿಷಯ ಹೇಳಿದೆ. ಆಕೆ ಏನೋ ಹೇಳಹೊರಟು ತಡೆದು, ‘ನಂದೇನಿಲ್ರಿ ಮಾಸ್ತರ. ಆಡು ಮೇವು ಮುಟ್ಟವಲ್ದು, ಅಷ್ಟೇ’ ಎಂದಳು.

ನನಗೆ ರೇಗಿತು. ಹೆಂಡತಿಯ ಜೀವ ಕೊಟ್ಟು ಆಡಿನ ಹಸಿವು ಕೊಂಡ ಹಾಗಾಯಿತಲ್ಲ ಎನಿಸಿತು. ಅವಳ ಆಡನ್ನು ಅಂದೇ ಮರೆತೆ. ರೂಢಿ ಮುರಿದು, ನಾಲ್ಕು ತಿಂಗಳು, ಮುಂಜಾನೆ ಸಂಜೆ ನನ್ನ ಸುಂದ್ರಮ್ಮನಿಗಾಗಿಯೇ ಬೇಡಿಕೊಂಡೆ. ಪ್ರತಿ ಶುಕ್ರವಾರ ಮಾರ್ಥಾಬಾಯಿ ‘ಅಮ್ಮಾರು ಹ್ಯಾಂಗದಾರ್ರಿ?’ ಎಂದು ಕೇಳುತ್ತಿದ್ದಳು. ಆಡು ಹೇಗಿದೆ ಎಂದು ನಾನು ಒಮ್ಮೆಯೂ ಕೇಳಲಿಲ್ಲ.

ಒಂದು ಮಂಗಳವಾರ ಸುಂದ್ರಮ್ಮ ಹೋದಳು. ಕಲ್ಯಾಣಿಯಲ್ಲೇ ಮಣ್ಣು ಮಾಡಿ ಬಂದೆ.

ದುಃಖ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎನ್ನುತ್ತಾರೆ. ನನ್ನನ್ನು ಸಣ್ಣವನನ್ನಾಗಿ ಮಾಡಿತು. ಆ ಮುದುಕಿಗೆ ಸರಿಯಾಗಿ ಪ್ರಾರ್ಥನೆ ಮಾಡಲು ಬರುತ್ತದೋ ಇಲ್ಲವೋ, ಬಲ್ಲವರ ಕೈಗೆ ಒಪ್ಪಿಸಬೇಕಿತ್ತು ಎಂದೂ ಯೋಚಿಸಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಮೂರು ಶುಕ್ರವಾರ ಆಕೆ ಪ್ರಾರ್ಥನೆಗೆ ಬರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ.

ಮೂರನೆಯ ವಾರ, ಭಾನುವಾರದ ಆರಾಧನೆ ಮುಗಿಸಿ ಮನೆಗೆ ಬಂದರೆ ಹೊಸ್ತಿಲ ಹೊರಗೆ ಗೋಡೆ ಹಿಡಿದು ಕುಳಿತಿದ್ದಳು. ಮುಖ ಎತ್ತಲಿಲ್ಲ.

‘ತಪ್ಪಾಗ್ಯಾದ್ರಿ ಮಾಸ್ತರ’ ಎಂದಳು. ‘ಅಮ್ಮಾರ ಭಾರ ನನ್ನ ಮ್ಯಾಲಿತ್ತು. ಒಂದು ದಿನಾನೂ ತಪ್ಪಿಸಿದ್ದಿಲ್ಲ. ಆ ಸೋಮಾರ ಕೆಲಸ ಮಾಡಿ ಸಾಕಾಗಿ ಬಂದು, ಸ್ವಾಮಿಗೆ ಒಂದು ಮಾತೂ ಹೇಳದ ಮಲ್ಕೊಂಡ್ಬಿಟ್ಟೆ. ಮರುದಿನಾನೇ ಹೋದ್ರು. ನಾನೇ ಕೈ ಬಿಟ್ಟೆ.’

ಮೂರು ವಾರ ಈ ಜೀವ ಇದನ್ನು ಹೊತ್ತುಕೊಂಡು ಉಂಡಿಲ್ಲ, ಮಲಗಿಲ್ಲ. ನನ್ನ ಒಂದು ಮಾತಿಗಾಗಿ ಕಾದಿತ್ತು. ಹಾಳು ಮಾಸ್ತರಿಕೆ, ಬೇರೆ ದಿನವಾಗಿದ್ದರೆ ನನ್ನ ಬಾಯಿಯಲ್ಲಿ ಉಪದೇಶ ಅರಳು ಹುರಿದ ಹಾಗೆ ಸಿಡಿಯುತ್ತಿತ್ತು. ಅಂದು ನಿಜ ಒಂದೇ ಉಳಿದಿತ್ತು, ಅದನ್ನೇ ಹೇಳಿದೆ.

‘ಮಾರ್ಥಾಬಾಯಿ, ನಾ ನಿಮ್ಮ ಆಡಿನ ಹೆಸರು ನಾಲ್ಕು ತಿಂಗಳಾಗ ಒಂದು ದಿನಾನೂ ಎತ್ತಿಲ್ಲ. ಆದರೂ ಅದು ಬದುಕ್ಯಾದ, ಓಣ್ಯಾಗ ಮೇಯೋದು ಕಂಡೀನಿ. ನೀವು ದಿನಾ ಬೇಡಿದ್ರೂ ನನ್ನ ಸುಂದ್ರಾ ಉಳೀಲಿಲ್ಲ. ನಿಮ್ಮ ಒಂದು ನಿದ್ದಿಗೆ ಹೋಗೋ ಜೀವ ಅಲ್ಲ ಅದು. ನಮ್ಮ ಕೈಯಾಗ ಇಲ್ಲ.’

ಹೇಳುತ್ತ ಹೇಳುತ್ತ ನನಗೇ ಅದು ಹೌದೆನಿಸಿತು. ನಾನೂ ಒಳಗೊಳಗೇ, ಇನ್ನಷ್ಟು ಬೇಡಿದ್ದರೆ ಉಳಿಯುತ್ತಿದ್ದಳೇನೋ ಎಂದು ಬೇಯುತ್ತಿದ್ದೆನಲ್ಲ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಆಡಿಗೇನಾಗಿತ್ರಿ? ಅದು ಮೊದಲಿಂದ ಛಲೋನೇ ಅದ.’

‘ಮತ್ತ?’

‘ಅವತ್ತು ನಿಮ್ಮ ದನಿ ಅಷ್ಟು ಕುಗ್ಗಿತ್ತು. ಖರೇದು ಹೇಳಿದ್ರ ಹೊರ್ತಿದ್ರೇನ್ರಿ ನೀವು?’

ನಾನು ಹೊಸ್ತಿಲ ಮೇಲೆ ಆಕೆಯ ಎದುರಿಗೆ ಕುಳಿತೆ. ನಿಜವಾದ ಚಿಂತೆ ಯಾವುದೆಂದು ಕೇಳಿದೆ.

‘ಕಣ್ಣ ಮಬ್ಬಾಗ್ಯಾವ್ರಿ. ಕಳಿ ಯಾವ್ದು, ಬೆಳಿ ಯಾವ್ದು ಗುರ್ತು ಸಿಗವಲ್ದು. ಮುಟ್ಟಿ ಮುಟ್ಟಿ ಕೀಳಾಕತ್ತೇನಿ. ಗೊತ್ತಾದ್ರ ಯಾರೂ ಕೂಲಿಗೆ ಕರಿಯಂಗಿಲ್ಲ.’

ಮುಖ ಎತ್ತದೆ ಕುಳಿತದ್ದು ಬರೀ ನಾಚಿಕೆಯಿಂದ ಎಂದುಕೊಂಡಿದ್ದೆ. ಗೋಡೆ ಹಿಡಿದದ್ದು ಏಕೆಂದು ಯೋಚಿಸಿಯೇ ಇರಲಿಲ್ಲ. ನಾಲ್ಕು ತಿಂಗಳು ಪಕ್ಕದಲ್ಲಿ ಕುಳಿತಿದ್ದ ನನಗೆ ಕಣ್ಣಿದ್ದೂ ಏನು ಕಂಡಿತ್ತು?

ಅಲ್ಲೇ ಕಣ್ಣು ಮುಚ್ಚಿ ಆಕೆಯ ಕಣ್ಣುಗಳಿಗಾಗಿ ಬೇಡಿಕೊಂಡೆ. ಮಾತು ಚೆನ್ನಾಗಿ ಕೂಡಿ ಬರಲಿಲ್ಲ. ಮಬ್ಬು ಎಂದೆ, ಹೊಲ ಎಂದೆ, ಕೂಲಿ ತಪ್ಪದಿರಲಿ ಎಂದೆ. ಆಮೆನ್ ಎಂದಾಗ ತಿಳಿಯಿತು, ಅಷ್ಟು ಹೊತ್ತು ಸುಂದ್ರಮ್ಮ ನನ್ನ ನೆನಪಿಗೆ ಬಂದಿರಲಿಲ್ಲ. ಮಣ್ಣು ಮಾಡಿದ ಮೇಲೆ ಅದೇ ಮೊದಲು. ಎದೆ ಹಗುರಾಯಿತು ಎನ್ನುವಷ್ಟರಲ್ಲಿ, ಅವಳನ್ನು ಮರೆತೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅದುವರೆಗೆ ಅತ್ತಿರಲಿಲ್ಲ.

ಮಾರ್ಥಾಬಾಯಿ ನನ್ನ ಅಳು ನಿಲ್ಲುವ ತನಕ ಕಾದು, ಕೈಯಾಡಿಸಿ ನನ್ನ ಮೊಣಕಾಲು ಹುಡುಕಿ, ಅದರ ಮೇಲೆ ಕೈಯಿಟ್ಟಳು.

‘ಈಗ ನಿಮ್ಮದು ಹೇಳ್ರಿ. ಖರೇದು ಹೇಳ್ರಿ ಮತ್ತ.’

ಹೇಳಿದೆ. ಬಹಳ ಹೊತ್ತು ಹಿಡಿಯಿತು.