ಗಫೂರ್ ಸಾಬರ ನಿಂತುಹೋದ ತೂಕ

1943ನೆಯ ಇಸವಿಯಲ್ಲಿ ನಾನು ಮದ್ದೂರಿನ ಒಂದು ಸಣ್ಣ ಔಷಧಾಲಯದಲ್ಲಿ ವೈದ್ಯನಾಗಿದ್ದೆ. ಎಲ್.ಎಂ.ಪಿ. ಮಾಡಿಕೊಂಡವನು. ಅಂದರೆ, ಊರವರ ಲೆಕ್ಕದಲ್ಲಿ, ದೊಡ್ಡಾಸ್ಪತ್ರೆಯ ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ, ನಾಟಿ ಪಂಡಿತರಿಗಿಂತ ಒಂದು ಮೆಟ್ಟಿಲು ಮೇಲೆ. ನಾನು ನಿಂತಿದ್ದ ಮೆಟ್ಟಿಲು ಗಟ್ಟಿಯಾಗಿದೆಯೇ ಎಂಬ ಅನುಮಾನ ಊರವರಿಗಿಂತ ನನಗೇ ಹೆಚ್ಚಿತ್ತು. ವಯಸ್ಸು ನಲವತ್ತು ದಾಟಿತ್ತು. ಹೆದರುವ ಅಭ್ಯಾಸ ಮಾತ್ರ ಹುಟ್ಟಿನಿಂದ ಬಂದದ್ದು. ಕೆಮ್ಮುವವನು ಬಂದರೆ ಕ್ಷಯವಿರಬಹುದೆಂದು ನನ್ನ ಎದೆ ಡವಗುಟ್ಟುತ್ತಿತ್ತು. ಅವನು ವಾಸಿಯಾಗಿ ಹೊಲಕ್ಕೆ ಹೋದ ಮೇಲೂ ಒಂದು ವಾರ ನಾನು ಕೆಮ್ಮುತ್ತಿದ್ದೆ. "ನಿಮ್ಮ ರೋಗಿಗಳೆಲ್ಲ ಬದುಕಿಕೊಳ್ತಾರೆ. ಅವರ ಕಾಯಿಲೆಗಳಲ್ಲಿ ನೀವು ಹೋಗ್ತೀರಿ" ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ಯುದ್ಧದ ಕಾಲ. ಪೆಟ್ರೋಲಿಗೆ ಬರ. ಮಳವಳ್ಳಿಗೂ ಮಂಡ್ಯಕ್ಕೂ ಓಡುತ್ತಿದ್ದ ಬಸ್ಸುಗಳ ಬೆನ್ನಿಗೆ ಒಲೆಯಂಥ ಒಂದು ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಇಂಜಿನ್ ನಡೆಸುತ್ತಿದ್ದರು. ಈ ಇದ್ದಿಲು ಬಸ್ಸುಗಳು ಹೊರಟದ್ದಕ್ಕಿಂತ ನಿಂತದ್ದೇ ಜಾಸ್ತಿ. ನಿಂತದ್ದನ್ನು ಹೊರಡಿಸಬಲ್ಲವರು ಆ ಸುತ್ತಮುತ್ತಲಿಗೆಲ್ಲ ಮೆಕ್ಯಾನಿಕ್ ಗಫೂರ್ ಸಾಬರೊಬ್ಬರೇ. ಐವತ್ತರ ಆಸುಪಾಸು, ಭಾರಿ ಮೈ, ಅದಕ್ಕೆ ತಕ್ಕ ದನಿ. ಒಂದು ದಿನ ಅವರು ಬಸ್ಸಿನ ಅಡಿಗೆ ನುಸುಳಿದವರು ಹೊರಕ್ಕೆ ಬರಲಾಗದೆ ಸಿಕ್ಕಿಹಾಕಿಕೊಂಡರು. ಪ್ರಯಾಣಿಕರು ಗಾಡಿಗೆ ಜ್ಯಾಕ್ ಕೊಟ್ಟು, ಕಾಲು ಹಿಡಿದು ಎಳೆದರಂತೆ. ಅದೇ ಸಂಜೆ ನನ್ನ ಮುಂದೆ ಕೂತಿದ್ದರು.

"ಬಸ್ ಗಿಡ್ಡ ಆಗೋಯ್ತಾ, ನಾನು ದಪ್ಪ ಆಗೋದ್ನಾ, ನೀವೇ ನೋಡಿ ಹೇಳಿ ಡಾಕ್ಟ್ರೇ."

ನಮ್ಮ ಕಾಂಪೌಂಡರ್ ನಿಂಗೇಗೌಡ, ಔಷಧಿ ಕಲಸಿಕೊಡುವವನು, ಒಳಗಿನಿಂದಲೇ ಉತ್ತರ ಕೊಟ್ಟ. "ಬಸ್ಸು ಅಂಗೇ ಅದೆ. ನಿಮ್ಮ ಒಟ್ಟೆ ನೋಡ್ಕಳಿ ಸಾಬ್ರೇ."

ನಗುತ್ತಲೇ ಪರೀಕ್ಷೆ ಶುರು ಮಾಡಿದೆ. ಮುಗಿಸುವಾಗ ನಗು ಇರಲಿಲ್ಲ. ಬ್ಲಡ್ ಪ್ರೆಷರ್ ನೋಡುವ ಪಾದರಸದ ಕೊಳವೆಯಲ್ಲಿ ಪಾದರಸ ನೂರ ತೊಂಬತ್ತರವರೆಗೆ ಏರಿತು. ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಮೇಲುಸಿರು. ಆಗ ಈ ಒತ್ತಡವನ್ನು ಇಳಿಸಲು ನಂಬಬಹುದಾದ ಔಷಧಿ ನಮ್ಮ ಕೈಯಲ್ಲಿರಲಿಲ್ಲ. ಮೈ ಇಳಿಸಬೇಕು, ಹೃದಯದ ಹೊರೆ ಇಳಿಸಬೇಕು, ಅಷ್ಟೇ. ಹಾಗೆಂದು ಹೇಳಿದೆ. ಮೂರು ಮುದ್ದೆಯ ಜಾಗದಲ್ಲಿ ಒಂದು, ತುಪ್ಪ ಬೇಡ, ಮಾಂಸ ಬೇಡ, ಸಿಹಿಯಂತೂ ಮುಟ್ಟಲೇಬೇಡಿ ಎಂದೆ. ಸಾಬರು ಒಂದೊಂದಕ್ಕೂ ತಲೆಯಾಡಿಸಿದರು, ಮೈಯ ಒಂದೊಂದು ಅಂಗ ಕಳಚಿಕೊಡುವವರ ಹಾಗೆ.

ನಮ್ಮಲ್ಲಿ ಕೂಸುಗಳನ್ನು ತೂಗುವ ತಕ್ಕಡಿ ಇತ್ತು, ದೊಡ್ಡವರದ್ದು ಇರಲಿಲ್ಲ. ಆದ್ದರಿಂದ ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ಇಬ್ಬರೂ ರೈಲ್ವೆ ಸ್ಟೇಷನ್ನಿಗೆ ಹೋಗಿ ಪಾರ್ಸೆಲ್ ತೂಗುವ ಯಂತ್ರದ ಮೇಲೆ ಅವರನ್ನು ನಿಲ್ಲಿಸುವುದೆಂದು ನಿರ್ಧಾರವಾಯಿತು. ಒಂದು ಕಡೆ ವೀಳ್ಯದೆಲೆಯ ಪೆಂಡಿಗಳು, ಇನ್ನೊಂದು ಕಡೆ ಬೆಲ್ಲದ ಮೂಟೆಗಳು, ನಡುವೆ ಟೋಪಿ ತೆಗೆದಿಟ್ಟು ಉಸಿರು ಬಿಗಿಹಿಡಿದ ಗಫೂರ್ ಸಾಬರು. ಪಾರ್ಸೆಲ್ ಗುಮಾಸ್ತ ಯಂತ್ರದ ದಂಡದ ಮೇಲೆ ಗುಂಡು ಸರಿಸುತ್ತ, "ಎಲ್ಲಿಗೆ ಬುಕ್ ಮಾಡ್ಲಿ ಸಾರ್, ಬೆಂಗಳೂರಿಗಾ ಮೈಸೂರಿಗಾ?" ಎಂದು ಪ್ರತಿ ಸಲವೂ ಕೇಳುತ್ತಿದ್ದ. ಮೊದಲ ದಿನ ಸರಿಯಾಗಿ ಮೂರು ಮಣ. ಪೌಂಡಿನಲ್ಲಿ ಇನ್ನೂರ ನಲವತ್ತೇಳು. ಎರಡು ತಿಂಗಳಲ್ಲಿ ಇನ್ನೂರ ಇಪ್ಪತ್ತೆಂಟಕ್ಕೆ ಬಂತು. ನಾನು ಬೀಗಿದೆ. ಬೀಗಿದ ಕೂಡಲೇ ಹೆದರಿದೆ, ಏಕೆಂದರೆ ನನ್ನ ಬಾಳಿನಲ್ಲಿ ಈ ಎರಡೂ ಬೇರೆ ಬೇರೆ ಬಂದದ್ದಿಲ್ಲ.

ಆಮೇಲೆ ತೂಕ ನಿಂತುಹೋಯಿತು.

ಒಂದು ಶುಕ್ರವಾರ ಇನ್ನೂರ ಇಪ್ಪತ್ತೆಂಟು. ಮುಂದಿನ ಶುಕ್ರವಾರವೂ ಅದೇ. ಮುದ್ದೆಯನ್ನು ಅರ್ಧಕ್ಕೆ ಇಳಿಸಿದೆ. ಅದೇ. ಗುಮಾಸ್ತ ಗುಂಡನ್ನು ಈ ಕಡೆ ಒಂದು ಕೂದಲು, ಆ ಕಡೆ ಒಂದು ಕೂದಲು ಸರಿಸಿ ನೋಡುವನು. ದಂಡ ಮತ್ತದೇ ಗೀಟಿನಲ್ಲಿ ನಿಲ್ಲುವುದು. ಯಂತ್ರವೇ ಕೆಟ್ಟಿರಬಹುದೆಂದು ನಾನೂ ಹತ್ತಿ ನಿಂತೆ. ನಾನು ನಾಲ್ಕು ಪೌಂಡು ಇಳಿದಿದ್ದೆ. ಸಾಬರ ಚಿಂತೆಯಲ್ಲಿ ಊಟ ಬಿಟ್ಟವನು ನಾನು, ತೂಕ ಬಿಡದವರು ಅವರು.

ನಾಲ್ಕನೆಯ ಸಲವೂ ಅಷ್ಟೇ ತೋರಿಸಿದಾಗ ನನಗೆ ರೇಗಿತು. ಅದೇ ಪ್ಲಾಟ್‌ಫಾರ್ಮಿನಲ್ಲಿ ರೈಲು ಬಂದಾಗಲೆಲ್ಲ ಬಿಸಿ ವಡೆ ಮಾರುತ್ತಿದ್ದರು. ಆ ವಾಸನೆಗೆ ಸಾಬರ ಮೂಗು ಹಿಗ್ಗಿದ್ದನ್ನು ನೋಡಿದ್ದೆ.

"ಕದ್ದು ತಿಂತಿದ್ದೀರಿ. ತಿನ್ನದೆ ತೂಕ ಹೀಗೆ ನಿಲ್ಲೋದು ಸಾಧ್ಯವೇ ಇಲ್ಲ" ಎಂದೆ.

"ಖುದಾ ಕಸಂ ಡಾಕ್ಟ್ರೇ, ಅರ್ಧ ಮುದ್ದೆ ಬಿಟ್ಟು ಬಾಯಿಗೆ ಏನೂ ಹಾಕಿಲ್ಲ ನಾನು."

"ಯಂತ್ರ ಸುಳ್ಳು ಹೇಳುತ್ತದೆಯೇ?"

ಸಾಬರು ಟೋಪಿ ಹಾಕಿಕೊಂಡರು. ಯಂತ್ರದಿಂದ ಇಳಿದು, ನನ್ನ ಕಡೆ ನೋಡದೆ, ಮೆಲ್ಲಗೆ ನಡೆದುಹೋದರು. ಅಷ್ಟು ಮೆಲ್ಲಗೆ ಏಕೆ ನಡೆಯುತ್ತಿದ್ದಾರೆ ಎಂದು ನಾನು ಕೇಳಿಕೊಳ್ಳಲಿಲ್ಲ. ಮುನಿಸು ಎಂದುಕೊಂಡೆ.

ಮುಂದಿನ ಶುಕ್ರವಾರ ಅವರು ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವರ ಹೆಂಡತಿ ಹಲೀಮಾ ಬೀ ಔಷಧಾಲಯಕ್ಕೆ ಬಂದರು. ಮಳವಳ್ಳಿ ಕಡೆ ಹಳ್ಳಿಯಲ್ಲಿ ಬೆಳೆದ ಹೆಂಗಸು. ಕೂರಿ ಅಂದರೂ ಕೂರಲಿಲ್ಲ.

"ನಮ್ಮನೆಯೋರ್ನ ಕಳ್ಳ ಅಂದ್ರಂತೆ? ನಿಮ್ಮ ಮಾತು ಅಂತ ಮನೇಲಿ ತುಪ್ಪದ ಗಡಿಗೆ ಕವುಚಿ ಹಾಕಿವ್ನಿ ಡಾಕ್ಟ್ರೇ. ಅಸಿವು ಅಂದಾಗ್ಲೆಲ್ಲ ಉಪ್ಸಾರು ಕೊಡ್ತೀನಿ, ಬರೀ ಸೊಪ್ಪು ಬೇಯಿಸಿದ ನೀರು. ದಿನಕ್ಕೆ ಏಳೆಂಟು ಬಟ್ಲು ಅದೇ ಕುಡೀತಾರೆ, ನೆಂಚ್ಕೊಳ್ಳೋಕೆ ನಿಂಬೆಕಾಯಿ ಉಪ್ಪಿನಕಾಯಿ. ಇನ್ನೇನು ತಿಂತಾರೆ ಅವರು? ತೋಳಿಗೆ ಕಟ್ಟಿದ್ದ ತಾಯಿತ ಸಡ್ಲ ಆಗಿ ಮುಂಗೈಗೆ ಇಳಿದದೆ. ಮೈ ಇಳೀದೆ ತಾಯಿತ ಇಳೀತದಾ?"

ನಾನು ಏನೋ ಸಮಾಧಾನ ಹೇಳಹೊರಟೆ. ಆಕೆ ಬಿಡಲಿಲ್ಲ.

"ನೀವಂದ ಮಾತು ಎದೆಗೆ ನಾಟ್ಬುಟ್ಟದೆ ಅವರಿಗೆ. ಮಲಗಾಕೇ ಆಗ್ತಿಲ್ಲ. ಮಲಗಿದ್ರೆ ಎದೆ ಮೇಲೆ ಯಾರೋ ಕೂತಂಗೆ ಆಯ್ತದೆ ಅಂತಾರೆ. ಗೋಡೆಗೆ ಒರಗಿ ಕೂತ್ಕೊಂಡೇ ಕಣ್ ಮುಚ್ತಾರೆ."

ಜೀವಮಾನವಿಡೀ ಇಲ್ಲದ ಕಾಯಿಲೆಗಳಿಗೆ ಹೆದರಿದವನು ನಾನು. ಇದ್ದ ಕಾಯಿಲೆ ನಾಲ್ಕು ವಾರ ಪಾರ್ಸೆಲ್ ಯಂತ್ರದ ಮೇಲೆ ನನ್ನೆದುರು ನಿಂತಿದ್ದಾಗ ಅದಕ್ಕೆ ಬೈದಿದ್ದೆ. ತೋಳು ಬಡವಾಗಿದೆ, ತೂಕ ಇಳಿದಿಲ್ಲ, ಮಲಗಿದರೆ ಉಸಿರು ಕಟ್ಟುತ್ತದೆ. ಮೂರಕ್ಕೂ ಒಂದೇ ಅರ್ಥ. ಹೃದಯವೆಂಬ ಪಂಪು ಸೋಲುತ್ತಿತ್ತು. ಮೈಯಿಂದ ಕೊಬ್ಬು ಹೋದಷ್ಟೂ ಆ ಜಾಗಕ್ಕೆ ನೀರು ಬಂದು ನಿಲ್ಲುತ್ತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೊಬ್ಬೂ ಒಂದೇ, ನೀರೂ ಒಂದೇ. ನೀರನ್ನು ಹಿಡಿದಿಟ್ಟುಕೊಳ್ಳುವುದು ಉಪ್ಪು. ಹೊಟ್ಟೆ ತುಂಬಿಸದ ಊಟವೆಂದು ಆ ಪುಣ್ಯಾತ್ಗಿತ್ತಿ ಬಟ್ಟಲುಗಟ್ಟಲೆ ಕೊಟ್ಟದ್ದು ಉಪ್ಪಿನ ನೀರು! ನಮ್ಮ ಸೀಮೆಯಲ್ಲಿ ಉಪ್ಸಾರನ್ನು ಊಟದ ಲೆಕ್ಕಕ್ಕೆ ಯಾರು ಹಿಡಿದಿದ್ದಾರೆ? ನಾನೂ ಹಿಡಿದಿರಲಿಲ್ಲ.

ಚೀಲ ಎತ್ತಿಕೊಂಡು ಬಸ್ ಶೆಡ್ಡಿನ ಹಿಂದಿದ್ದ ಅವರ ಮನೆಗೆ ಓಡಿದೆ. ನಿಂಗೇಗೌಡ ಹಿಂದೆಯೇ ಬಂದ. "ಅದ್ಯಾಕಿಂಗೆ ಬೆವರ್ತಿದ್ದೀರಾ? ಕಾಯಿಲೆ ಅವರಿಗಾ, ನಿಮಗಾ?" ಎಂದ.

ಸಾಬರು ಗೋಡೆಗೆ ಒರಗಿ ಕೂತಿದ್ದರು. ತುಟಿ ಕಪ್ಪಿಟ್ಟಿತ್ತು. ಮುಂಗಾಲಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿದೆ. ಕಲಸಿದ ಹಿಟ್ಟಿನಲ್ಲಿ ಇಳಿದ ಹಾಗೆ ಬೆರಳು ಇಳಿಯಿತು. ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ನನ್ನ ಕಡೆಯೇ ನೋಡುತ್ತ. ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟರೆ ಶ್ವಾಸಕೋಶದ ತಳದಲ್ಲೆಲ್ಲ ಪಟಪಟ ಗುಳ್ಳೆಯೊಡೆಯುವ ಸದ್ದು.

"ಏನಾಗಿದೆ ಹೇಳ್ಬುಡಿ" ಎಂದರು.

"ಮೈಯಲ್ಲಿ ನೀರು ನಿಂತಿದೆ ಸಾಬ್ರೇ. ಹೃದಯಕ್ಕೆ ಅದನ್ನ ತಳ್ಳೋಕೆ ಆಗ್ತಿಲ್ಲ. ಇವತ್ತಿನ ರೈಲಿಗೆ ಮೈಸೂರಿಗೆ ಕಳಿಸ್ತೀನಿ."

ಅವರು ಉಸಿರು ಕೂಡಿಸಿಕೊಂಡು ಕೇಳಿದರು. "ರೇಡಿಯೇಟರ್ ನೀರು ಇಂಜಿನ್ನಿಗೆ ಇಳಿದಂಗಾ?"

"ಹೂಂ. ಹಾಗೇ ಅಂತಿಟ್ಕೊಳ್ಳಿ."

"ಅಂಗಾದ್ರೆ ಗಾಡಿ ಅಲ್ಲಾಡಿಸಬಾರ್ದು ಡಾಕ್ಟ್ರೇ. ನಿಂತ ಜಾಗದಾಗೇ ರಿಪೇರಿ."

ನಿಜ ಹೇಳಬೇಕೆಂದರೆ ಅವರನ್ನು ಅಲ್ಲಾಡಿಸಲು ನನಗೂ ಭಯವಿತ್ತು. ಸ್ಟೇಷನ್ನಿಗೆ ನಡೆಯುವುದಿರಲಿ, ಎದ್ದು ನಿಂತರೆ ಉಳಿಯುವರೋ ಇಲ್ಲವೋ ಎಂಬಂತಿದ್ದರು. ಕಳಿಸಿದರೆ ದಾರಿಯಲ್ಲಿ ಹೋಗಬಹುದು. ಇಟ್ಟುಕೊಂಡರೆ ನನ್ನ ಕೈಯಲ್ಲಿ ಹೋಗಬಹುದು. ಇಟ್ಟುಕೊಂಡೆ.

ಔಷಧಿ ಒಂದೇ: ಡಿಜಿಟಾಲಿಸ್. ಒಂದು ಗಿಡದ ಎಲೆಯಿಂದ ಇಳಿಸಿದ ದ್ರಾವಣ. ಸೋತ ಹೃದಯವನ್ನು ನಿಧಾನವಾಗಿ, ಬಲವಾಗಿ ಮಿಡಿಸುತ್ತದೆ. ಒಂದಿಷ್ಟು ಮಿತಿ ಮೀರಿದರೆ ಅದೇ ಹೃದಯವನ್ನು ನಿಲ್ಲಿಸುತ್ತದೆ. ನಮ್ಮಲ್ಲಿದ್ದದ್ದು ಯುದ್ಧಕ್ಕೆ ಮುಂಚೆ ಬಂದ ಅರ್ಧ ಬಾಟಲಿ. ಹಳೆಯದಾದಷ್ಟೂ ಅದರ ಶಕ್ತಿ ಕುಂದುತ್ತದೆ. ಎಷ್ಟು ಕುಂದಿದೆ ಎಂದು ನೋಡುವ ದಾರಿ ಮದ್ದೂರಿನಲ್ಲಿ ಇರಲಿಲ್ಲ.

"ಓಗ್ಲಿ ಬುಡಿ ಡಾಕ್ಟ್ರೇ, ಹಳೇ ಔಸದಿ. ಕೆಲಸ ಮಾಡ್ದಿದ್ರೂ ಸಾಯ್ಸಾಕಿಲ್ಲ" ಎಂದ ನಿಂಗೇಗೌಡ.

"ಕೆಲಸ ಮಾಡ್ದಿದ್ರೆ ಸಾಯ್ತಾರಲ್ಲಯ್ಯ!" ಎಂದೆ. ಅವನು ಬಾಟಲಿಯ ಧೂಳು ಒರೆಸಿ ನನ್ನ ಕೈಗೆ ಕೊಟ್ಟ.

ಹನಿ ಎಣಿಸಿ ಕೊಟ್ಟೆ. ಊಟವೆಂದರೆ ಅಳೆದ ಹಾಲು ಮಾತ್ರ. ಉಪ್ಪಿನ ಗಡಿಗೆಯನ್ನು ಹಲೀಮಾ ಬೀ ಪಕ್ಕದ ಮನೆಗೆ ಕೊಟ್ಟುಬಂದರು. ನೀರು ಮೈಯಿಂದ ಇಳಿಯಬೇಕಾದರೆ ಮೂತ್ರವಾಗಿಯೇ ಇಳಿಯಬೇಕು. ಆದ್ದರಿಂದ ಅದನ್ನು ಅಳೆಯಲು ಶೆಡ್ಡಿನ ಇಂಜಿನ್ ಎಣ್ಣೆ ಅಳೆಯುವ ಡಬ್ಬಿಯನ್ನೇ ತಂದಿಟ್ಟೆವು. ಮೊದಲ ದಿನ ಡಬ್ಬಿಯ ತಳ ಮುಚ್ಚಲಿಲ್ಲ. ಎರಡನೆಯ ದಿನವೂ ಅಷ್ಟೇ. ಹನಿ ಹೆಚ್ಚಿಸಲೇ? ಹೆಚ್ಚಿಸಿದೆ. ಹೆಚ್ಚಿಸಿದ ಮೇಲೆ ಹೊಸ್ತಿಲ ಹೊರಗೆ ಕೂತು, ಹತ್ತು ನಿಮಿಷಕ್ಕೊಮ್ಮೆ ಒಳಗೆ ಹೋಗಿ ನಾಡಿ ಹಿಡಿದೆ. "ನೀವು ಇಂಗೆ ಬಂದು ಬಂದು ಕೈ ಹಿಡೀತಿದ್ರೆ ನಮ್ ಬೀಬಿ ಅನುಮಾನ ಪಡ್ತಾಳೆ" ಎಂದರು ಸಾಬರು. ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ನಮ್ಮ ಮೂವರ ಉಸಿರೂ ನಿಂತಿತ್ತು.

ಮೂರನೆಯ ಮಧ್ಯಾಹ್ನ ಅವರು ಹಾಲನ್ನೆಲ್ಲ ಕಕ್ಕಿದರು. ನಾಡಿ ನೋಡಿದರೆ ಐವತ್ತೆಂಟು. ವಾಂತಿ ಮತ್ತು ನಿಧಾನವಾದ ನಾಡಿ: ಔಷಧಿ ಮಿತಿ ಮುಟ್ಟಿದೆಯೆಂದು ಕಾಲೇಜಿನಲ್ಲಿ ಕಲಿತಿದ್ದೆ. ನಾಡಿಯ ಎಣಿಕೆ ಇಷ್ಟರಲ್ಲೇ ನಿಂತರೆ ಗುಣ, ಇನ್ನೂ ಇಳಿದರೆ ಸಾವು. ಬಾಟಲಿಗೆ ಬಿರಡೆ ಹಾಕಿದೆ. ಇನ್ನು ನಾನು ಮಾಡಬಹುದಾದ್ದು ಏನೂ ಉಳಿದಿರಲಿಲ್ಲ. ಹಲೀಮಾ ಬೀ ಬಾಗಿಲಲ್ಲಿ ನಿಂತು, "ಉಳೀತಾರಾ ಡಾಕ್ಟ್ರೇ?" ಎಂದು ಮೊದಲ ಸಲ ಮೆತ್ತಗೆ ಕೇಳಿದರು. ಆಕೆ ಬೈಯುತ್ತಿದ್ದಾಗಲೇ ನನಗೆ ಧೈರ್ಯ ಹೆಚ್ಚಿತ್ತು. "ನೋಡೋಣಮ್ಮ" ಎಂದೆ.

ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಸಾಬರ ಕೂಗು. "ಡಬ್ಬಿ ತತ್ತಾರೇ, ಬೇಗ ತಾ!" ಡಬ್ಬಿ ತುಂಬಿತು. ಚೆಲ್ಲಿ ತರುವಷ್ಟರಲ್ಲಿ ಮತ್ತೆ ಬೇಕಾಯಿತು. ನಿಂಗೇಗೌಡ ಡಬ್ಬಿ ಹಿಡಿದುಕೊಂಡು ಅಂಗಳಕ್ಕೆ ಬಂದು, "ಸಿಂಸಾ ಹೊಳೆಗೆ ನೀರು ಬುಟ್ರು ಕಣಮ್ಮ!" ಎಂದು ಸಾರಿದ. ಹಲೀಮಾ ಬೀ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಹೊಸ್ತಿಲ ಮೇಲೆ ಕೂತವನು ತುಂಬ ಹೊತ್ತು ಏಳಲಾಗಲಿಲ್ಲ.

ಆ ವಾರದ ಕೊನೆಗೆ ಸಾಬರು ಚಾಪೆಯ ಮೇಲೆ ಮೈ ಚಾಚಿ ಮಲಗಿದರು. ನಡೆಯುವಂತಾದಾಗ ಸ್ಟೇಷನ್ನಿಗೆ ಹೋದೆವು: ಇನ್ನೂರ ಏಳು. ಇಪ್ಪತ್ತೊಂದು ಪೌಂಡು ಬರಿಯ ನೀರು. ಕ್ಷಮಿಸಿ ಎಂದು ನಾನು ಬಾಯಿ ತೆರೆದೆ. "ಬುಡಿ ಡಾಕ್ಟ್ರೇ, ನಾನೂ ಎಷ್ಟೋ ಸಲ ಒಳ್ಳೇ ಇಂಜಿನ್ನಿಗೆ ಬೈದು, ಆಮೇಲೆ ಪೈಪ್ ಬಿಚ್ಚಿದ್ದೀನಿ" ಎಂದರು.

ಅಲ್ಲಿಂದ ಅವರು ಬಸ್ಸಿನ ಅಡಿಗೆ ನುಸುಳುವುದನ್ನು ಬಿಟ್ಟು, ಸ್ಟೂಲಿನ ಮೇಲೆ ಕೂತು ಬೇರೆಯವರಿಂದ ಕೆಲಸ ಮಾಡಿಸಿದರು. ಉಪ್ಪಿಲ್ಲದ ಅನ್ನ, ಉಪ್ಪಿಲ್ಲದ ಸಾರು. ತೂಕ ಮೆಲ್ಲಮೆಲ್ಲಗೆ ಇಳಿಯುತ್ತ ನೂರ ತೊಂಬತ್ತಕ್ಕೆ ಬಂತು. ಬಂದು, ಮತ್ತೆ ನಿಂತಿತು. ಒಂದು ಶುಕ್ರವಾರ, ಎರಡು ಶುಕ್ರವಾರ.

ಎರಡನೆಯ ಶುಕ್ರವಾರ ಗುಮಾಸ್ತ ಗುಂಡಿನಿಂದ ಕೈ ತೆಗೆಯುವ ಮುಂಚೆ ನಾನು ಪ್ಲಾಟ್‌ಫಾರ್ಮಿನ ಮೇಲೆ ಮಂಡಿಯೂರಿದ್ದೆ. ಮೈಸೂರು ರೈಲು ಬಂದು ನಿಂತಿತ್ತು, ಕಿಟಕಿಗಳಲ್ಲೆಲ್ಲ ತಲೆಗಳು. ಸಾಬರ ಪೈಜಾಮ ಮೇಲೆತ್ತಿ ಮುಂಗಾಲು ಒತ್ತಿದೆ. ಎಣಿಸಿದೆ. ಬೆರಳು ತೆಗೆದೆ. ಗುಳಿ ಇಲ್ಲ. ಇನ್ನೊಂದು ಕಾಲು ಒತ್ತಿದೆ. ಇಲ್ಲ.

"ರಾತ್ರಿ ಮಲಗ್ತೀರಾ?"

"ಗೊರಕೆ ಹೊಡೀತೀನಿ."

"ಹಾಗಾದ್ರೆ ಏನು ತಿಂದ್ರಿ?"

ಸಾಬರು ರೈಲಿನ ಕಡೆ ನೋಡಿದರು. "ಮಳವಳ್ಳೀಲಿ ತಂಗಿ ಮಗಳ ಮದುವೆ ಇತ್ತು. ಉಪ್ಪು ಇಲ್ದಂಗೆ ನನಗೆ ಬೇರೆ ಮಾಡ್ಸಿದ್ರು, ಖುದಾ ಕಸಂ. ಆದ್ರೆ ಬಿರಿಯಾನಿ ಡಾಕ್ಟ್ರೇ... ಮೂರು ದಿನ. ಸಿಹಿ ಅನ್ನಾನೂ. ಬೈಯೋದಾದ್ರೆ ಬೈದ್ಬುಡಿ."

ಬೈಯಲಿಲ್ಲ. ರೋಗಿ ಕದ್ದು ತಿಂದನೆಂದು ಕೇಳಿ ಅಷ್ಟು ಸಂತೋಷಪಟ್ಟ ವೈದ್ಯ ಮೈಸೂರು ಸಂಸ್ಥಾನದಲ್ಲಿ ಇನ್ನೊಬ್ಬನಿರಲಾರ. ಮಂಡಿಯೂರಿದ್ದವನು ಹಾಗೇ ನೆಲಕ್ಕೆ ಕೂತು ನಕ್ಕೆ. ಕಣ್ಣಲ್ಲಿ ನೀರು ಬಂತು. ಗುಮಾಸ್ತ, "ಡಾಕ್ಟ್ರನ್ನೂ ತೂಗಲಾ ಸಾಬ್ರೇ?" ಎಂದು ಕೇಳಿದ.

ಈಗ 1947. ಸಾಬರು ಇದ್ದಾರೆ, ಸ್ಟೂಲಿನ ಮೇಲಿಂದ ಅವರ ಬೈಗುಳ ನಮ್ಮ ಔಷಧಾಲಯದವರೆಗೂ ಕೇಳುತ್ತದೆ. ನಾನು ಈಗಲೂ ಹೆದರುತ್ತೇನೆ. ಆದರೆ ಹೆದರಿಕೆಗೆ ಒಂದು ಕ್ರಮ ಕಲಿಸಿದ್ದೇನೆ. ಮೈ ಇಳಿಸಲು ಹೊರಟವರು ತೂಕ ನಿಂತಿತೆಂದು ಬಂದರೆ, ಮೊದಲು ಕೂರಿಸಿ ಕಾಲು ಒತ್ತಿ ನೋಡುತ್ತೇನೆ. ಹೇಗೆ ಮಲಗುತ್ತೀರಿ ಎಂದು ಕೇಳುತ್ತೇನೆ. ಊಟದ ವಿಚಾರ ಆಮೇಲೆ. ಬೈಯಲು ಯಾವಾಗಲೂ ಹೊತ್ತು ಸಿಗುತ್ತದೆ. ಕಾಲು ಒತ್ತಲು ಕೆಲವು ಸಲ ಸಿಗುವುದಿಲ್ಲ.